ಕೊಟ್ಟ ಮನೆಯ ಹಕ್ಕು

ದತ್ತಕವೆಂದೊಡನೆ ನಮ್ಮ ಗಮನ ಮಗುವನ್ನು ಪಡೆದ ಮನೆಯ ಕಡೆಗೆ ಹರಿಯುತ್ತದೆ. ತೊಟ್ಟಿಲು ತೂಗಿದ್ದು, ವಂಶ ಉಳಿದದ್ದು, ಆಸ್ತಿಗೆ ವಾರಸುದಾರ ದೊರೆತದ್ದು, ಕಥೆಗಳೂ ವ್ಯಾಜ್ಯಗಳೂ ಬಹುಮಟ್ಟಿಗೆ ಇವುಗಳ ಸುತ್ತಲೇ ಬೆಳೆದಿವೆ. ಹೆತ್ತವರಿಗೆ ಆ ಮಗುವಿನ ಮೇಲೆ ಯಾವ ಹಕ್ಕು ಉಳಿಯಿತೆಂದು ಕೇಳುವವರು ಕಡಿಮೆ. ಆದರೆ ಪ್ರಶ್ನೆ ಬಹಳ ಹಳೆಯದು.

ಐತರೇಯ ಬ್ರಾಹ್ಮಣದಲ್ಲಿ ಶುನಃಶೇಪನ ಕಥೆಯಿದೆ. ಹಸಿವಿನಿಂದ ಕಂಗೆಟ್ಟ ಅಜೀಗರ್ತನಿಗೆ ಮೂವರು ಮಕ್ಕಳು. ಹಿರಿಯನನ್ನು ತಂದೆ ಬಿಡಲೊಲ್ಲ, ಕಿರಿಯನನ್ನು ತಾಯಿ ಬಿಡಲೊಲ್ಲಳು; ನಡುವಣವನು ನೂರು ಹಸುಗಳಿಗೆ ಯಜ್ಞಪಶುವಾಗಿ ಮಾರಾಟವಾದ. ಅವನನ್ನು ಯೂಪಕ್ಕೆ ಕಟ್ಟಲು ಇನ್ನೊಂದು ನೂರು, ಕೊಲ್ಲಲು ಮತ್ತೊಂದು ನೂರು ಹಸುಗಳನ್ನು ತಂದೆಯೇ ಪಡೆದ. ದೇವತೆಗಳನ್ನು ಸ್ತುತಿಸಿ ಪಾರಾದ ಹುಡುಗ ವಿಶ್ವಾಮಿತ್ರನ ಮಡಿಲಲ್ಲಿ ಕುಳಿತಾಗ, ಅಜೀಗರ್ತ ಮಗನನ್ನು ಮರಳಿ ಕೇಳಿದ. ವಿಶ್ವಾಮಿತ್ರ ಒಪ್ಪಲಿಲ್ಲ, ಮಗನೂ ಹಿಂದಿರುಗಲಿಲ್ಲ. ಹೆತ್ತವನ ಹಕ್ಕು ಎಲ್ಲಿ ಮುಗಿಯುತ್ತದೆ ಎಂಬ ವಿಚಾರ ಆಗಲೇ ಹೀಗೆ ಮೂಡಿತ್ತು.

ಧರ್ಮಶಾಸ್ತ್ರಕಾರರು ಗೆರೆಯನ್ನು ಸ್ಪಷ್ಟವಾಗಿಯೇ ಎಳೆದರು. ದತ್ತಪುತ್ರನು ಜನಕನ ಗೋತ್ರವನ್ನಾಗಲಿ ಆಸ್ತಿಯನ್ನಾಗಲಿ ಪಡೆಯನು. ಕೊಟ್ಟವನಿಗೆ ಆ ಮಗನಿಂದ ಪಿಂಡವೂ ಸಲ್ಲದು ಎಂದು ಮನುಸ್ಮೃತಿ ವಿಧಿಸುತ್ತದೆ. ಪಿಂಡದಲ್ಲಿ ನಂಬಿಕೆಯಿದ್ದ ಕಾಲಕ್ಕೆ ಇದು ಸಣ್ಣ ನಷ್ಟವಲ್ಲ. ಒಪ್ಪಂದದ ಮೇರೆಗೆ ಎರಡೂ ಮನೆಗೆ ಮಗನಾಗುವ 'ದ್ವ್ಯಾಮುಷ್ಯಾಯಣ'ನೊಬ್ಬನೇ ಇದಕ್ಕೆ ಅಪವಾದ.

ಕೊಡುವ ಅಧಿಕಾರ ಯಾರದು? ನಮ್ಮ ಕಲ್ಯಾಣದಲ್ಲಿ, ಚಾಲುಕ್ಯ ಆರನೆಯ ವಿಕ್ರಮಾದಿತ್ಯನ ಆಳ್ವಿಕೆಯಲ್ಲಿ, ಮಿತಾಕ್ಷರವನ್ನು ಬರೆದ ವಿಜ್ಞಾನೇಶ್ವರ ಇದನ್ನು ವಿವೇಚಿಸಿದ್ದಾನೆ. ತಂದೆ ಕೊಡಬಹುದು, ಇಬ್ಬರೂ ಕೂಡಿ ಕೊಡಬಹುದು. ತಾಯಿಯೊಬ್ಬಳೇ ಕೊಡಬೇಕಾದರೆ ಗಂಡನ ಅನುಜ್ಞೆ ಬೇಕು, ಇಲ್ಲವೆ ಅವನು ಪರದೇಶದಲ್ಲಿರಬೇಕು ಅಥವಾ ತೀರಿಕೊಂಡಿರಬೇಕು. ಆಪತ್ತಿಲ್ಲದೆ ಮಗನನ್ನು ಕೊಡಕೂಡದು, ಒಬ್ಬನೇ ಮಗನನ್ನು ಕೊಡಲೇಕೂಡದು ಎಂದೂ ಅವನು ಹೇಳುತ್ತಾನೆ. ಆದರೆ 1899ರಲ್ಲಿ ಲಂಡನ್ನಿನ ಪ್ರಿವಿ ಕೌನ್ಸಿಲ್ ಏಕಪುತ್ರನ ದತ್ತಕವನ್ನು ಸಿಂಧುವೆಂದು ತೀರ್ಮಾನಿಸಿತು. ಶಾಸ್ತ್ರದ ನಿಷೇಧ ಬರಿಯ ಹಿತವಚನವಾಗಿ ಉಳಿಯಿತು.

ಈ ಕಥೆಯಲ್ಲಿ ತಾಯಿಯ ಮಾತಿಗೆ ಬೆಲೆ ಬಂದುದು ತೀರ ತಡವಾಗಿ. 1956ರ ಹಿಂದೂ ದತ್ತಕ ಮತ್ತು ಜೀವನಾಂಶ ಕಾಯಿದೆ ಕೊಡುವ ಹಕ್ಕನ್ನು ತಂದೆಗೇ ಇಟ್ಟು, ಸಾಮಾನ್ಯವಾಗಿ ತಾಯಿಯ ಸಮ್ಮತಿಯಿರಬೇಕೆಂದಿತು. ಇಬ್ಬರಿಗೂ ಸಮಾನ ಹಕ್ಕು ದೊರೆತದ್ದು 2010ರ ತಿದ್ದುಪಡಿಯಿಂದ. ದತ್ತು ಕೊಡುವುದಕ್ಕೆ ಹಣ ಪಡೆಯುವುದನ್ನು 1956ರ ಕಾಯಿದೆಯೇ ಅಪರಾಧವೆಂದು ಸಾರಿತ್ತು. ಅಜೀಗರ್ತನ ಹಸುಗಳಿಗೆ ಅದು ಬಹಳ ತಡವಾಗಿ ಬಂದ ಉತ್ತರ. ಕ್ರಮಬದ್ಧವಾದ ದತ್ತಕವನ್ನು ಯಾರೂ ರದ್ದುಪಡಿಸಲಾರರು. ಮಗುವೂ ಹುಟ್ಟಿದ ಮನೆಗೆ ಮರಳಲಾರದು.

ಹಾಗಿದ್ದರೂ ಕಾನೂನು ಎಲ್ಲ ಎಳೆಗಳನ್ನೂ ಕಡಿದಿಲ್ಲ. ದತ್ತಕಕ್ಕೆ ಮುಂಚೆಯೇ ಮಗುವಿಗೆ ಸಂದಿದ್ದ ಆಸ್ತಿ ಅದರದೇ ಆಗಿರುತ್ತದೆ. ಜನ್ಮದ ಮನೆಯಲ್ಲಿದ್ದರೆ ಯಾರನ್ನು ಮದುವೆಯಾಗುವಂತಿರಲಿಲ್ಲವೋ ಅವರನ್ನು ಅನಂತರವೂ ಆಗುವಂತಿಲ್ಲ. ರಕ್ತದ ನೆಂಟನ್ನು ಕಾನೂನು ಮರೆತಿಲ್ಲವೆಂಬುದಕ್ಕೆ ಇದೇ ಸಾಕ್ಷಿ.

ಪೋಷಿಸಲಾರದೆ ಮಗುವನ್ನು ಒಪ್ಪಿಸುವವರಿಗಾಗಿ 2015ರ ಬಾಲನ್ಯಾಯ ಕಾಯಿದೆ ಇನ್ನೊಂದು ಏರ್ಪಾಡು ಮಾಡಿತು. ಮಕ್ಕಳ ಕಲ್ಯಾಣ ಸಮಿತಿಯ ಮುಂದೆ ಒಪ್ಪಿಗೆಪತ್ರ ಬರೆದುಕೊಟ್ಟ ಮೇಲೂ ನಿರ್ಧಾರವನ್ನು ಮರುಯೋಚಿಸಲು ಎರಡು ತಿಂಗಳ ಅವಧಿಯುಂಟು. ಹಿಂದೆ ಧಾರೆಯ ನೀರು ಬಿದ್ದ ಕ್ಷಣದಲ್ಲೇ ಎಲ್ಲವೂ ಮುಗಿಯುತ್ತಿತ್ತು. ಬಡತನವೋ ಲೋಕಾಪವಾದದ ಭಯವೋ ಹೆತ್ತವಳ ಕೈಯಿಂದ ಮಗುವನ್ನು ಬಿಡಿಸುವಾಗ, ಆ ನಿರ್ಧಾರ ನಿಜವಾಗಿ ಅವಳದೇ ಏನು ಎಂದು ಒಮ್ಮೆ ನಿಂತು ಕೇಳಲು ಕಾನೂನು ಕಲಿತಿದೆ. ಕೊಟ್ಟ ಮನೆಗೆ ಸಂದ ಹಕ್ಕುಗಳಲ್ಲಿ ನನಗೆ ಇದೇ ದೊಡ್ಡದಾಗಿ ಕಾಣುತ್ತದೆ.