ಯಾವತ್ತಾವತ್

ಶಾಲೆಯ ಬೀಜಗಣಿತದಲ್ಲಿ ಗೊತ್ತಿಲ್ಲದ ಬೆಲೆಗೆ ‘ಎಕ್ಸ್’ ಎನ್ನುತ್ತಾರೆ. ಭಾಸ್ಕರಾಚಾರ್ಯರ ಕಾಲದಲ್ಲಿ ಆ ಜಾಗದಲ್ಲಿದ್ದದ್ದು ‘ಯಾವತ್ತಾವತ್’. ಸಂಸ್ಕೃತದ ‘ಯಾವತ್’ ಎಂದರೆ ಎಷ್ಟು, ‘ತಾವತ್’ ಎಂದರೆ ಅಷ್ಟು. ಎಷ್ಟಿದೆಯೋ ಅಷ್ಟು! ಬೆಲೆ ತಿಳಿಯದಿದ್ದರೂ ಲೆಕ್ಕ ಮುಂದುವರಿಸಲು ಇದಕ್ಕಿಂತ ಪ್ರಾಮಾಣಿಕ ಹೆಸರು ಸಿಗಲಿಕ್ಕಿಲ್ಲ.

ಬರೆಯುವಾಗ ಅಷ್ಟುದ್ದ ಯಾರು ಬರೆದಾರು? ‘ಯಾ’ ಎಂಬ ಮೊದಲಕ್ಷರವೇ ಸಾಕಿತ್ತು. ಬಿಡಿ ಸಂಖ್ಯೆಗೆ ‘ರೂಪ’, ಅದರ ಗುರುತು ‘ರೂ’. ಋಣಸಂಖ್ಯೆಯ ಮೇಲೊಂದು ಚುಕ್ಕಿ.

ಭಾಸ್ಕರಾಚಾರ್ಯರ 1150ರ ‘ಬೀಜಗಣಿತ’ ಗ್ರಂಥದಲ್ಲಿ ಒಂದು ಕುದುರೆ ಲೆಕ್ಕವಿದೆ. ಒಬ್ಬನ ಬಳಿ 300 ರೂಪ ಹಣ, 6 ಕುದುರೆ. ಇನ್ನೊಬ್ಬನ ಬಳಿ 10 ಕುದುರೆ, ಜೊತೆಗೆ 100 ರೂಪ ಸಾಲ. ಇಬ್ಬರ ಆಸ್ತಿಯೂ ಸಮ, ಎಲ್ಲ ಕುದುರೆಗಳ ಬೆಲೆಯೂ ಒಂದೇ. ಹಾಗಾದರೆ ಒಂದರ ಬೆಲೆ? ‘ಯಾ 6 ರೂ 300’ ಎಂದು ಬರೆದು, ಅದರ ಕೆಳಗೆ ‘ಯಾ 10 ರೂ 100’ ಎಂದು ಬರೆದು, ಕೊನೆಯ 100ರ ಮೇಲೆ ಚುಕ್ಕಿಯಿಟ್ಟರೆ ಸಮೀಕರಣ ಸಿದ್ಧ. ಸಮಚಿಹ್ನೆಯ ಗೊಡವೆಯಿಲ್ಲ, ಅದು ಇಂಗ್ಲೆಂಡಿನಲ್ಲಿ ಅಚ್ಚಾದದ್ದೇ 1557ರಲ್ಲಿ. ಎರಡೂ ಸಾಲಿನಿಂದ 6 ‘ಯಾ’ ಕಳೆದು, ಎರಡಕ್ಕೂ 100 ಕೂಡಿಸಿದರೆ 4 ‘ಯಾ’ ಎಂದರೆ 400. ಕುದುರೆಗೆ 100 ರೂಪ.

ಇಂಥ ಲೆಕ್ಕಕ್ಕೆ ‘ಏಕವರ್ಣ ಸಮೀಕರಣ’ ಎಂದು ಹೆಸರು. ‘ವರ್ಣ’ ಯಾಕೆಂದರೆ, ತಿಳಿಯದ್ದು ಒಂದಕ್ಕಿಂತ ಹೆಚ್ಚಾದರೆ ಉಳಿದವಕ್ಕೆ ಬಣ್ಣದ ಹೆಸರು: ಕಾಲಕ (ಕಪ್ಪು), ನೀಲಕ, ಪೀತಕ (ಹಳದಿ), ಲೋಹಿತಕ (ಕೆಂಪು). ಬರೆಯುವಾಗ ಕಾ, ನೀ, ಪೀ, ಲೋ.

ಕನ್ನಡದ ಪಠ್ಯಪುಸ್ತಕಗಳಿಗೆ ‘ಸಮೀಕರಣ’ ಬಂದಿದೆ. ‘ಯಾ’ ಮಾತ್ರ ಬರಲಿಲ್ಲ.