ದೊಡ್ಡ ಕರುಳಿನ ಕೋಶ ಏನನ್ನು ಉರಿಸುತ್ತದೆ? ಒಂದು ಸಂಶೋಧನೆಯ ಚರಿತ್ರೆ

ಮದ್ದೂರು ತಾಲ್ಲೂಕಿನ ಕೊಪ್ಪ ಸಕ್ಕರೆ ಕಾರ್ಖಾನೆಯಿರುವ ಊರು. ಸುತ್ತಲಿನ ಹೊಲಗಳ ಕಬ್ಬು ಕಾರ್ಖಾನೆಗೆ ಹೋಗುತ್ತದೆ, ರಾಗಿ ಮನೆಯಲ್ಲಿ ಮುದ್ದೆಯಾಗುತ್ತದೆ. ಇಂಥ ಊರಲ್ಲೂ ಕ್ಯಾನ್ಸರ್ ಎಂದು ಗೊತ್ತಾದ ಮನೆಯಲ್ಲಿ ನೆಂಟರಿಷ್ಟರು ಕೊಡುವ ಮೊದಲ ಸಲಹೆ ಸಕ್ಕರೆ ಬಿಡಿಸಿ ಎಂಬುದು. ಈ ಸಲಹೆಯ ಹಿಂದೆ ನೂರು ವರ್ಷದ ಪ್ರಯೋಗಶಾಲೆಯ ಕಥೆಯಿದೆ. ಆದರೆ ದೊಡ್ಡ ಕರುಳಿನ ಮಟ್ಟಿಗೆ ಸಕ್ಕರೆಗಿಂತ ನಾರಿನ ಕಥೆಯೇ ಮುಖ್ಯವೆಂದು ನನ್ನ ಓದು ಹೇಳುತ್ತದೆ.

1920ರ ದಶಕದಲ್ಲಿ ಬರ್ಲಿನ್‌ನಲ್ಲಿ ಜೀವರಸಾಯನ ವಿಜ್ಞಾನಿ ಆಟೊ ವಾರ್‌ಬರ್ಗ್ ಇಲಿಗಳ ಗೆಡ್ಡೆಯನ್ನು ತೆಳುವಾಗಿ ಕೊಯ್ದು, ಅದು ಎಷ್ಟು ಆಮ್ಲಜನಕ ಹೀರುತ್ತದೆ, ಎಷ್ಟು ಲ್ಯಾಕ್ಟಿಕ್ ಆಮ್ಲ ಬಿಡುತ್ತದೆ ಎಂದು ಅಳೆದ. ಆಮ್ಲಜನಕ ಸಾಕಷ್ಟಿದ್ದರೂ ಗೆಡ್ಡೆ ಗ್ಲೂಕೋಸನ್ನು ಪೂರ್ತಿ ಉರಿಸದೆ ಲ್ಯಾಕ್ಟಿಕ್ ಆಮ್ಲವಾಗಿಸಿ ಹೊರಗೆ ಚೆಲ್ಲುತ್ತಿತ್ತು. ಪೂರ್ತಿ ಉರಿಸಿದರೆ ಒಂದು ಗ್ಲೂಕೋಸ್ ಅಣುವಿನಿಂದ ಸುಮಾರು 30 ಎಟಿಪಿ (ಕೋಶ ಶಕ್ತಿಗಾಗಿ ಬಳಸುವ ಅಣು) ಸಿಗುತ್ತದೆ, ಈ ಅಡ್ಡದಾರಿಯಲ್ಲಿ ಬರೀ 2. ಕೋಶದ ಉಸಿರಾಟವೇ ಕೆಟ್ಟಿರಬೇಕು, ಕ್ಯಾನ್ಸರಿನ ಮೂಲ ಅದೇ ಎಂದು ವಾರ್‌ಬರ್ಗ್ ಕೊನೆತನಕ ಹಟ ಹಿಡಿದ. 1956ರಲ್ಲಿ ಅದೇ ಕ್ಷೇತ್ರದ ಸಿಡ್ನಿ ವೈನ್‌ಹೌಸ್ ಇದನ್ನು ಬಲವಾಗಿ ಅಲ್ಲಗಳೆದ. ಗೆಡ್ಡೆಯ ಕೋಶಗಳೂ ಉಸಿರಾಡುತ್ತವೆ ಎಂಬ ಅವನ ವಾದವೇ ಮುಂದೆ ಬಹುಮಟ್ಟಿಗೆ ನಿಂತಿತು. ಗ್ಲೂಕೋಸ್ ಅಡ್ಡದಾರಿ ಹಿಡಿಯುವುದು ಶಕ್ತಿಗಾಗಿ ಮಾತ್ರವಲ್ಲ, ಹೊಸ ಕೋಶ ಕಟ್ಟುವ ಸಾಮಗ್ರಿಗಾಗಿಯೂ ಹೌದು.

ಇನ್ನೊಂದು ಎಳೆ ಆಫ್ರಿಕಾದ್ದು. ಉಗಾಂಡದಲ್ಲಿ ವರ್ಷಗಟ್ಟಲೆ ಶಸ್ತ್ರವೈದ್ಯನಾಗಿದ್ದ ಡೆನಿಸ್ ಬರ್ಕಿಟ್, ಹಳ್ಳಿಗರಲ್ಲಿ ದೊಡ್ಡ ಕರುಳಿನ ಕ್ಯಾನ್ಸರ್ ಅಪರೂಪವೆಂದು ಕಂಡು, ಅದಕ್ಕೆ ನಾರು ತುಂಬಿದ ಆಹಾರವೇ ಕಾರಣವಿರಬೇಕೆಂದು 1971ರಲ್ಲಿ ಬರೆದ. ಅವನು ಮೊದಲು ಕೆಲಸ ಮಾಡಿದ ಲೀರಾ ಸೀಮೆಯವರ ಊಟ ರಾಗಿ. ಬರ್ಕಿಟ್ ಇದನ್ನು ಬರೆದ ಹೆಚ್ಚುಕಡಿಮೆ ಅದೇ ಕಾಲದಲ್ಲಿ ಮಂಡ್ಯದ ವಿ.ಸಿ. ಫಾರಂನಲ್ಲಿ ರಾಗಿ ತಳಿ ವಿಜ್ಞಾನಿ ಲಕ್ಷ್ಮಣಯ್ಯನವರು ಆಫ್ರಿಕಾದ ರಾಗಿಯನ್ನು ನಮ್ಮ ರಾಗಿಯೊಡನೆ ಸಂಕರಗೊಳಿಸಿ ಇಂಡಾಫ್ ತಳಿಗಳನ್ನು ರೂಪಿಸುತ್ತಿದ್ದರು. ಒಬ್ಬರ ಕಣ್ಣು ಇಳುವರಿಯ ಮೇಲೆ, ಇನ್ನೊಬ್ಬನದು ಕರುಳಿನ ಮೇಲೆ. ಧಾನ್ಯ ಮಾತ್ರ ಒಂದೇ.

ಬರ್ಕಿಟ್‌ನ ವಿವರಣೆ ಒರಟಾಗಿತ್ತು: ನಾರು ಮಲವನ್ನು ಬೇಗ ಸಾಗಿಸುತ್ತದೆ, ಕೆಡುಕಿನ ವಸ್ತು ಕರುಳಿಗೆ ತಾಗುವ ಹೊತ್ತು ಕಡಿಮೆಯಾಗುತ್ತದೆ. ಇದಕ್ಕೆ ಕೋಶದ ಒಳಗಿನ ಅರ್ಥ ಬಂದದ್ದು 1980ರಲ್ಲಿ. ವಿಲಿಯಂ ರೋಡಿಗರ್ ದೊಡ್ಡ ಕರುಳಿನ ಒಳಪದರದ ಕೋಶಗಳನ್ನು ಬಿಡಿಸಿ ಪರೀಕ್ಷಿಸಿದಾಗ, ಅವುಗಳ ಮುಖ್ಯ ಇಂಧನ ಗ್ಲೂಕೋಸ್ ಅಲ್ಲ, ಬ್ಯುಟಿರೇಟ್ ಎಂದು ತಿಳಿಯಿತು. ನಾವು ಅರಗಿಸಲಾಗದ ನಾರನ್ನು ಕರುಳಿನ ಬ್ಯಾಕ್ಟೀರಿಯಗಳು ಹುದುಗಿಸಿ ಕೊಡುವ ಕೊಬ್ಬಿನ ಆಮ್ಲವಿದು. ಈ ಕೋಶಗಳು ಬಳಸುವ ಆಮ್ಲಜನಕದ ಸುಮಾರು ಶೇ. 70ರಷ್ಟು ಇದನ್ನು ಉರಿಸಲಿಕ್ಕೇ ಹೋಗುತ್ತದೆ. ದೇಹದ ಬಹುಪಾಲು ಕೋಶಗಳಿಗೆ ಊಟ ರಕ್ತದಿಂದ ಬಂದರೆ, ಇವಕ್ಕೆ ಬಹುಮಟ್ಟಿಗೆ ಎದುರಿನ ಬಾಗಿಲಿನಿಂದ, ಅಂದರೆ ಕರುಳಿನ ಪೊಳ್ಳಿನಿಂದಲೇ, ಬರುತ್ತದೆ.

ವಾರ್‌ಬರ್ಗ್ ಮತ್ತು ಬರ್ಕಿಟ್ ಒಂದೇ ಪುಟದಲ್ಲಿ ಸೇರಲು 2012ರ ತನಕ ಕಾಯಬೇಕಾಯಿತು. ಅಮೆರಿಕದ ಉತ್ತರ ಕರೋಲಿನಾ ವಿಶ್ವವಿದ್ಯಾಲಯದ ಡಾಲಸ್ ಡೊನೊಹೊ ಮತ್ತು ಸಂಗಡಿಗರು ತೋರಿಸಿದ್ದು ಇಷ್ಟು: ಆರೋಗ್ಯವಂತ ಕೋಶ ಬ್ಯುಟಿರೇಟನ್ನು ಉರಿಸಿ ಬೆಳೆಯುತ್ತದೆ. ಗ್ಲೂಕೋಸಿಗೆ ಹೊರಳಿದ ಕ್ಯಾನ್ಸರ್ ಕೋಶ ಅದನ್ನು ಅಷ್ಟಾಗಿ ಉರಿಸದು. ಉರಿಯದೆ ಉಳಿದ ಬ್ಯುಟಿರೇಟ್ ಕೋಶಕೇಂದ್ರದಲ್ಲಿ ಕೂಡಿಕೊಂಡು ಡಿಎನ್‌ಎ ಸುತ್ತಿಕೊಳ್ಳುವ ಪ್ರೋಟೀನುಗಳಾದ ಹಿಸ್ಟೋನುಗಳ ಮೇಲಿನ ಗುರುತುಗಳನ್ನು ಬದಲಿಸಿ ಬೆಳವಣಿಗೆಗೆ ಕಡಿವಾಣ ಹಾಕುತ್ತದೆ. ಒಂದೇ ವಸ್ತು ಒಬ್ಬನಿಗೆ ಊಟ, ಮತ್ತೊಬ್ಬನಿಗೆ ತಡೆ. ಇಡೀ ಚರಿತ್ರೆಯಲ್ಲಿ ನನಗೆ ಅತ್ಯಂತ ಸೊಗಸಾಗಿ ಕಂಡ ಪ್ರಯೋಗವಿದು.

ಇಂಧನ ಉರಿಸುವಾಗಲೇ ಹುಟ್ಟುವ ಉತ್ಕರ್ಷಣ ಒತ್ತಡದ ಕಥೆ ಇಷ್ಟು ನೇರವಲ್ಲ. ಮೈಟೊಕಾಂಡ್ರಿಯ ಉಸಿರಾಡುವಾಗ ಸೂಪರಾಕ್ಸೈಡ್, ಹೈಡ್ರೋಜನ್ ಪೆರಾಕ್ಸೈಡ್‌ಗಳು ಸೋರುತ್ತವೆ. ಕೆಂಪು ಮಾಂಸದ ಕಬ್ಬಿಣವೂ ಕರುಳಿನ ಉರಿಯೂತವೂ ಅದಕ್ಕೆ ಕುಮ್ಮಕ್ಕು ಕೊಡುತ್ತವೆ. ಡಿಎನ್‌ಎ ಗಾಯಗೊಳ್ಳುತ್ತದೆ. ಹಾಗಾದರೆ ಉತ್ಕರ್ಷಣ ನಿರೋಧಕಗಳನ್ನು ನುಂಗಿದರೆ ಆಯಿತಲ್ಲ? ಹಾಗೆಂದೇ ನಂಬಿ ಅಮೆರಿಕದಲ್ಲಿ ಕರುಳಿನ ಪಾಲಿಪ್ (ಸಣ್ಣ ಗೆಡ್ಡೆ) ತೆಗೆಸಿಕೊಂಡವರಿಗೆ ಬೀಟಾ ಕ್ಯಾರೊಟಿನ್, ವಿಟಮಿನ್ ಸಿ, ಇ ಕೊಟ್ಟು ನೋಡಿದರು. 1994ರಲ್ಲಿ ಬಂದ ಫಲಿತಾಂಶ: ಹೊಸ ಪಾಲಿಪ್‌ಗಳು ಕಡಿಮೆಯಾಗಲಿಲ್ಲ. ಇದಕ್ಕೆ ಇರಬಹುದಾದ ಒಂದು ಕಾರಣ ನಂತರ ಕಾಣುತ್ತ ಬಂತು. ಸ್ವಲ್ಪ ಪೆರಾಕ್ಸೈಡ್ ಕ್ಯಾನ್ಸರ್ ಕೋಶಕ್ಕೆ ಬೆಳೆಯುವ ಸನ್ನೆ, ಮಿತಿ ಮೀರಿದರೆ ಸಾವು. ಆ ಮಿತಿಯೊಳಗೆ ಉಳಿಯಲು ಕೋಶ ತನ್ನ ಗ್ಲೂಕೋಸಿನ ಒಂದು ಪಾಲನ್ನು ಎನ್‌ಎಡಿಪಿಎಚ್ ಮಾಡಿಕೊಳ್ಳಲು, ಅದರಿಂದ ಪೆರಾಕ್ಸೈಡನ್ನು ತಣಿಸುವ ಗ್ಲುಟಾಥಯೋನನ್ನು ಸುಸ್ಥಿತಿಯಲ್ಲಿಡಲು ವ್ಯಯಿಸುತ್ತದೆ. ಇಲ್ಲಿ ಚಯಾಪಚಯವೂ ಉತ್ಕರ್ಷಣವೂ ಒಂದೇ ಲೆಕ್ಕದ ಜಮೆ, ಖರ್ಚು. 2015ರಲ್ಲಿ ಜಿಹೇ ಯುನ್ ಮತ್ತು ಲೂಯಿಸ್ ಕ್ಯಾಂಟ್ಲಿ ತಂಡ ಅತಿ ಹೆಚ್ಚು ಪ್ರಮಾಣದ ವಿಟಮಿನ್ ಸಿಯಿಂದ ಕೆಆರ್‌ಎಎಸ್, ಬಿಆರ್‌ಎಎಫ್ ವಂಶವಾಹಿ ಕೆಟ್ಟ ಕರುಳಿನ ಕ್ಯಾನ್ಸರ್ ಕೋಶಗಳನ್ನು ಕೊಂದದ್ದೂ ಈ ಲೆಕ್ಕ ತಪ್ಪಿಸಿಯೇ. ಉತ್ಕರ್ಷಣ ತಡೆದಲ್ಲ, ಹೆಚ್ಚಿಸಿ. ಅದು ಪ್ರಯೋಗಶಾಲೆಯ, ಇಲಿಗಳ ಫಲಿತಾಂಶ. ಮಾತ್ರೆ ನುಂಗಿ ಪಡೆಯುವ ಪ್ರಮಾಣವೂ ಅದಲ್ಲ.

ಈ ಲೆಕ್ಕ ನಮ್ಮ ರಾಗಿಗೂ ತಾಗುತ್ತದೆ. ಮೈಸೂರಿನ ಆಹಾರ ಸಂಶೋಧನಾ ಸಂಸ್ಥೆ ಸಿಎಫ್‌ಟಿಆರ್‌ಐನಲ್ಲಿ ಚೇತನ್ ಮತ್ತು ಮಲ್ಲೇಶಿ 2007ರಲ್ಲಿ ರಾಗಿಯ ಪಾಲಿಫಿನಾಲ್‌ಗಳ ಬಗ್ಗೆ ವಿವರವಾಗಿ ಬರೆದರು. ಅವು ಹೆಚ್ಚಾಗಿ ಕಾಳಿನ ಸಿಪ್ಪೆಯಲ್ಲಿವೆ. ಈಗ ರಾಗಿ ಪೊಟ್ಟಣಗಳ ಮೇಲೆ ಉತ್ಕರ್ಷಣ ನಿರೋಧಕ ಎಂಬ ಹೊಗಳಿಕೆ ಅಚ್ಚಾಗುವುದುಂಟು. 1994ರ ಫಲಿತಾಂಶ ಓದಿದವರು ಅಷ್ಟಕ್ಕೆ ಮರುಳಾಗಬೇಕಿಲ್ಲ. ನೋಡಬೇಕಾದದ್ದು ನಾರನ್ನು. ರಾಗಿಯ ಸಿಪ್ಪೆ ಸುಲಭವಾಗಿ ಬಿಡದು, ಇಡಿಯಾಗಿಯೇ ಹಿಟ್ಟಾಗುತ್ತದೆ. ಹೀಗಾಗಿ 100 ಗ್ರಾಂ ರಾಗಿಯಲ್ಲಿ ಸುಮಾರು 11 ಗ್ರಾಂ ನಾರು ಉಳಿದರೆ, ಪಾಲಿಶ್ ಅಕ್ಕಿಯಲ್ಲಿ 3 ಗ್ರಾಂ ಕೂಡ ಇಲ್ಲ. ವಿಶ್ವೇಶ್ವರಯ್ಯ ನಾಲೆಯ ನೀರಿನೊಂದಿಗೆ ಭತ್ತ, ಕಬ್ಬು ಹಬ್ಬಿದ ಮಂಡ್ಯ ಜಿಲ್ಲೆಗೆ ಈ ಎರಡು ಅಂಕಿಗಳು ಮುಖ್ಯ. ಅನ್ನದಿಂದ ಕ್ಯಾನ್ಸರ್ ಬಂತೆಂದು ಇದರಿಂದ ಹೇಳಲಾಗದು. ಕಿದ್ವಾಯಿ ಆಸ್ಪತ್ರೆ 1982ರಿಂದ ನಡೆಸುತ್ತಿರುವ ಕ್ಯಾನ್ಸರ್ ನೋಂದಣಿ ಬೆಂಗಳೂರು ನಗರದ್ದು, ಅದರ ಲೆಕ್ಕವನ್ನು ಮದ್ದೂರು, ಮಳವಳ್ಳಿಯ ಹಳ್ಳಿಗಳಿಗೆ ಹಾಗೇ ಅಂಟಿಸುವುದೂ ಸರಿಯಲ್ಲ. ಹಳ್ಳಿಯ ತಟ್ಟೆಯನ್ನೂ ಹಳ್ಳಿಯ ರೋಗವನ್ನೂ ಜೊತೆಯಲ್ಲಿಟ್ಟು ದಶಕಗಟ್ಟಲೆ ನೋಡುವ ಅಧ್ಯಯನಕ್ಕೆ ಈ ಸೀಮೆಗಿಂತ ತಕ್ಕ ಜಾಗ ಕಡಿಮೆ.