ಕಾರ್ಖಾನೆಯಿಂದ ಹಾರ್ವರ್ಡ್‌ಗೆ: ಸಿ.ಕೆ. ಪ್ರಹ್ಲಾದ್ ಅವರ ಸಂಶೋಧನೆಯ ಹಾದಿ

ನಾನು ಊರಿಗೆ ಬಂದಾಗಲೆಲ್ಲ ಮಕ್ಕಳು ಕೇಳುವುದುಂಟು: "ಅಣ್ಣಾ, ವಿದೇಶಕ್ಕೆ ಹೋಗಿ ಡಾಕ್ಟರೇಟ್ ಮಾಡೋಕೆ ನಮ್ಮ ಕೈಲಿ ಆಗುತ್ತಾ? ನಮಗೇನು ಗೊತ್ತಿದೆ?" ಅದಕ್ಕೆ ಉತ್ತರವಾಗಿ ಒಬ್ಬ ಹಿರಿಯರ ಚರಿತ್ರೆಯನ್ನು ಇಲ್ಲಿ ಹೇಳುತ್ತೇನೆ.

ಸಿ.ಕೆ. ಪ್ರಹ್ಲಾದ್ ಹುಟ್ಟಿದ್ದು 1941ರಲ್ಲಿ, ಕೊಯಮತ್ತೂರಿನ ಕನ್ನಡ ಮನೆಮಾತಿನ ಕುಟುಂಬದಲ್ಲಿ. ತಂದೆ ನ್ಯಾಯಾಧೀಶರು, ಸಂಸ್ಕೃತ ವಿದ್ವಾಂಸರು. ಹಾಗಾಗಿ ಅವರದು ಬಡತನದ ಕಥೆಯಲ್ಲ. ಮದರಾಸಿನ ಲೊಯೋಲಾ ಕಾಲೇಜಿನಲ್ಲಿ ಭೌತಶಾಸ್ತ್ರ ಓದಿ, ಹತ್ತೊಂಬತ್ತನೆಯ ವಯಸ್ಸಿಗೇ ಯೂನಿಯನ್ ಕಾರ್ಬೈಡ್‌ನ ಬ್ಯಾಟರಿ ಕಾರ್ಖಾನೆ ಸೇರಿದರು. ಅಲ್ಲಿ ನಾಲ್ಕು ವರ್ಷ ಕಾರ್ಮಿಕರ ನಡುವೆ ಕೆಲಸ ಮಾಡಿದರು. ತಮ್ಮ ಬದುಕಿಗೆ ತಿರುವು ಕೊಟ್ಟದ್ದು ಆ ವರ್ಷಗಳೇ ಎಂದು ಮುಂದೆ ಅವರೇ ಹೇಳಿಕೊಂಡರು.

ಆಮೇಲೆ ಅಹಮದಾಬಾದಿನ ಐಐಎಂ ಸೇರಿ, 1966ರಲ್ಲಿ ಅಲ್ಲಿನ ಮೊದಲ ತಂಡದಲ್ಲಿ ತೇರ್ಗಡೆಯಾದರು. ಕೆಲವು ವರ್ಷಗಳ ನಂತರ ಅಮೆರಿಕದ ಹಾರ್ವರ್ಡ್‌ಗೆ ಹೋಗಿ ಎರಡೂವರೆ ವರ್ಷದಲ್ಲಿ ಪ್ರಬಂಧ ಮುಗಿಸಿ, 1975ರಲ್ಲಿ ಡಾಕ್ಟರೇಟ್ ಪಡೆದರು. ಹಲವು ದೇಶಗಳಲ್ಲಿ ವ್ಯಾಪಾರ ಮಾಡುವ ಕಂಪನಿಯನ್ನು ನಡೆಸುವುದು ಹೇಗೆ ಎಂಬುದೇ ಅವರ ವಿಷಯ. ಅದೇ ಕಾಲದಲ್ಲಿ ಅಲ್ಲಿ ಸಂಶೋಧನೆ ಮಾಡುತ್ತಿದ್ದ ಈವ್ ಡೋಜ್ ಕೂಡ ಪರದೇಶದವರೇ, ಫ್ರಾನ್ಸಿನವರು. ಇಬ್ಬರೂ ಸೇರಿ 1987ರಲ್ಲಿ ಇದೇ ವಿಷಯದ ಮೇಲೆ ಪುಸ್ತಕ ಬರೆದರು. ಅಂಥ ಕಂಪನಿಯ ಕೇಂದ್ರ ಕಚೇರಿ ಇರುವ ದೇಶದವರಿಗೆ ಅದು ಒಂದು ಬಗೆಯಾಗಿ ಕಂಡರೆ, ಅದರ ಕಾರ್ಖಾನೆ ಇರುವ ದೇಶದವರಿಗೆ ಇನ್ನೊಂದು ಬಗೆಯಾಗಿ ಕಾಣುತ್ತದೆ. ಮದರಾಸಿನ ಅನುಭವ ಅವರಿಗೆ ಹೊರೆಯಲ್ಲ, ಬಂಡವಾಳವಾಗಿತ್ತು ಎಂದು ನನ್ನ ಅನಿಸಿಕೆ.

ಪದವಿ ಪಡೆದ ಮೇಲೆ ಅಹಮದಾಬಾದಿಗೆ ಮರಳಿ ಪಾಠ ಹೇಳಿ, ನಂತರ ಮಿಷಿಗನ್ ವಿಶ್ವವಿದ್ಯಾಲಯ ಸೇರಿದರು. 1990ರಲ್ಲಿ ಗ್ಯಾರಿ ಹ್ಯಾಮೆಲ್ ಜೊತೆ ಬರೆದ ಲೇಖನ ತಂತ್ರಜ್ಞಾನ ನಿರ್ವಹಣೆ ಓದುವವರಿಗೆ ಇಂದಿಗೂ ಪಾಠ. ಕಂಪನಿಯನ್ನು ಅವರು ಮರಕ್ಕೆ ಹೋಲಿಸಿದರು. ಮಾರುವ ವಸ್ತುಗಳು ಎಲೆ, ಹೂ, ಹಣ್ಣು. ಜನ ಕೂಡಿ ಕಲಿತ ಕೌಶಲ ಬೇರು. 1980ರಲ್ಲಿ ಅಮೆರಿಕದ ಜಿಟಿಇ ಕಂಪನಿಯ ಮಾರಾಟ ಸುಮಾರು 1,000 ಕೋಟಿ ಡಾಲರ್, ಜಪಾನಿನ ಎನ್ಇಸಿಯದು 380 ಕೋಟಿ. 1988ಕ್ಕೆ ಜಿಟಿಇ 1,646 ಕೋಟಿ ಮುಟ್ಟಿದರೆ ಎನ್ಇಸಿ 2,189 ಕೋಟಿ ದಾಟಿತ್ತು. ಕಂಪ್ಯೂಟರ್ ಮತ್ತು ಸಂಪರ್ಕ ತಂತ್ರಜ್ಞಾನ ಒಂದಾಗಲಿವೆ ಎಂದರಿತು ಎನ್ಇಸಿ ಬೇರಿಗೆ ನೀರೆರೆದಿತ್ತು. ಸಾಫ್ಟ್‌ವೇರ್ ಕೆಲಸದಲ್ಲಿ ನಾನೂ ಇದನ್ನೇ ಕಾಣುತ್ತೇನೆ: ಬರೆದ ಪ್ರೋಗ್ರಾಂ ಹಳತಾಗುತ್ತದೆ, ತಂಡ ಕಲಿತದ್ದು ಉಳಿಯುತ್ತದೆ.

2009ರಲ್ಲಿ ಪದ್ಮಭೂಷಣ ಪಡೆದ ಪ್ರಹ್ಲಾದ್ 2010ರಲ್ಲಿ ತೀರಿಕೊಂಡರು.

ತಮ್ಮ ತಂಗಿಯರೇ, ಡಾಕ್ಟರೇಟ್ ಎಂದರೆ ಇದ್ದ ಉತ್ತರವನ್ನು ಬಾಯಿಪಾಠ ಮಾಡುವುದಲ್ಲ, ಯಾರೂ ಕೇಳದ ಪ್ರಶ್ನೆಯನ್ನು ಬಿಡದೆ ಕೇಳುವುದು. ಒಂದೇ ಯಂತ್ರ ಒಂದೂರಿನಲ್ಲಿ ದಿನವೂ ಓಡುತ್ತದೆ, ಪಕ್ಕದೂರಿನಲ್ಲಿ ಮೂಲೆ ಸೇರುತ್ತದೆ. ಏಕೆ? ಇದು ತಂತ್ರಜ್ಞಾನ ನಿರ್ವಹಣೆಯ ಅಸಲಿ ಪ್ರಶ್ನೆ, ಅದನ್ನು ನೀವು ಕಣ್ಣಾರೆ ಕಂಡಿದ್ದೀರಿ. ಇಂಗ್ಲಿಷ್ ಕಲಿಯಬಹುದು, ವಿದ್ಯಾರ್ಥಿವೇತನಕ್ಕೆ ಅರ್ಜಿ ಹಾಕಬಹುದು. ಕಂಡದ್ದನ್ನು ಮಾತ್ರ ಮರೆಯಬೇಡಿ. ಪ್ರಶ್ನೆ ಕೇಳುವ ಮಕ್ಕಳನ್ನು ನಮ್ಮ ಶಾಲೆ ಇನ್ನೂ ನೂರು ಕಾಲ ಬೆಳೆಸಲಿ.